ಇಳಿಯೋದಷ್ಟೇ ಗೊತ್ತಿದ್ದವರು

ನಮ್ಮ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು ಗೊತ್ತಲ್ಲ? 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದು ಇದನ್ನೇ. ಒಂದು ತಿಂಗಳಿಂದ ಪ್ರತಿ ಭಾನುವಾರ ನಾನೂ ನನ್ನ ತಮ್ಮನೂ ಅಲ್ಲೇ ಕೂರ್ತೀವಿ. ಅವನು ಅಗ್ನಿಶಾಮಕ ಇಲಾಖೆಯಲ್ಲಿ ಫೈರ್‌ಮನ್. ಬಡ್ತಿ ಪರೀಕ್ಷೆ ಹತ್ತಿರ ಬಂದಿದೆ.

ಪುಸ್ತಕದ್ದೆಲ್ಲ ಅವನಿಗೆ ಬಾಯಿಪಾಠ. ಕಷ್ಟ ಇರೋದು ಇನ್ನೊಂದರಲ್ಲಿ. ನಕ್ಷೆ ಮುಂದಿಟ್ಟು, "ಇಲ್ಲಿ ಬೆಂಕಿ ಬಿದ್ದಿದೆ, ನೀನೇ ಲೀಡರ್, ಏನ್ ಮಾಡ್ತೀಯ?" ಅಂತ ಕೇಳ್ತಾರೆ. ಗಾಳಿ ಯಾವ ಕಡೆ, ಒಳಗೆ ಎಷ್ಟು ಜನ, ನೀರೆಲ್ಲಿ, ಗಾಡಿ ಎಲ್ಲಿ ನಿಲ್ಲಿಸಬೇಕು, ಯಾರಿಗೆ ಯಾವ ಕೆಲಸ, ಎಲ್ಲ ಗಟ್ಟಿಯಾಗಿ ಹೇಳಬೇಕು. ನಾನು ಮಣ್ಣಲ್ಲಿ ಕಡ್ಡಿಯಿಂದ ಕಟ್ಟಡ ಗೀಚ್ತೀನಿ. ಹುಣಸೆ ಬೀಜಗಳೇ ಅವನ ಸಿಬ್ಬಂದಿ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಮಾಡಿದ್ವಿ. 2010ರಲ್ಲಿ ಅಲ್ಲಿ ಒಂಬತ್ತು ಜನ ಸತ್ತರು. ಹೊಗೆಗೆ ಹೆದರಿ ಕಿಟಕಿಯಿಂದ ಹಾರಿದವರೂ ಅದರಲ್ಲಿದ್ರು. "ಮೊದಲು ಏಣಿ, ಮೆಟ್ಟಿಲು, ಹೊಗೆ ಹೊರಗೆ ಹೋಗೋ ದಾರಿ" ಅಂದ. ಸರಿಯಾಗೇ ಹೇಳಿದ.

ಆಮೇಲೆ ಒಂದು ಗುಂಡಿ ತೋಡಿದೆ. "ಮಲದ ಗುಂಡಿ. ಒಳಗೆ ಇಬ್ಬರು ಬಿದ್ದಿದಾರೆ."

ಯೋಚನೆನೇ ಮಾಡಲಿಲ್ಲ. ಒಂದು ಬೀಜ ತಗೊಂಡು ಗುಂಡಿಗೆ ಹಾಕ್ದ.

"ಇದ್ಯಾರು?"

"ನಾನೇ ಕಣಣ್ಣ. ನಾನೇ ಇಳೀತೀನಿ."

ನನಗೆ ಮಾತೇ ಹೊರಡಲಿಲ್ಲ. ನಮ್ಮ ದೊಡ್ಡಪ್ಪನ ಮಗ ಹೀಗೇ ಇಳಿದಿದ್ದ. ಅವನನ್ನು ಎತ್ತೋಕೆ ಇಳಿದ ಇನ್ನೊಬ್ಬನೂ ಜೀವಂತ ಮೇಲೆ ಬರಲಿಲ್ಲ. ರಕ್ಷಣಾ ಸಾಧನ ಇಲ್ಲದೆ ಯಾರನ್ನೂ ಇಳಿಸಬಾರದು ಅಂತ 2013ರ ಕಾಯ್ದೆ ಹೇಳುತ್ತೆ. ಇಳಿಸಿದವರಿಗೆ ಕಾಯ್ದೆ ಬೇಕಿರಲಿಲ್ಲ.

"ಪುಸ್ತಕದಲ್ಲಿ ಏನಿದೆ, ಹೇಳು" ಅಂದೆ. ಪಟಪಟ ಹೇಳಿದ: ಜನರನ್ನು ದೂರ ಸರಿಸೋದು, ವಿಷಾನಿಲ ಪರೀಕ್ಷೆ, ಒಳಗೆ ಗಾಳಿ ಹೊಡೆಸೋದು, ಉಸಿರಾಟದ ಸೆಟ್ ಹಾಕಿ ಹಗ್ಗ ಕಟ್ಟಿದವನನ್ನು ಮಾತ್ರ ಇಳಿಸೋದು. ಲೀಡರ್ ಮೇಲೇ ನಿಂತು ಎಲ್ಲ ನೋಡ್ಕೋಬೇಕು.

"ಗೊತ್ತಿದ್ದೂ ಯಾಕೆ ಇಳಿದೆ?"

ತಲೆ ತಗ್ಗಿಸಿದ. "ಅಭ್ಯಾಸ ಕಣಣ್ಣ."

ಆ ಅಭ್ಯಾಸ ಅವನೊಬ್ಬನದಲ್ಲ ಗೆಳೆಯರೇ.

ಬಡ್ತಿ ಮೀಸಲಾತಿ ಅಂದ್ರೆ ಸಂಬಳದ ಮಾತು ಅಂದ್ಕೊಂಡಿದಾರೆ ಬಹಳ ಜನ. 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಮ್ಮ ರಾಜ್ಯದಲ್ಲಿ ಎಷ್ಟೋ ಎಸ್‌ಸಿ, ಎಸ್‌ಟಿ ನೌಕರರಿಗೆ ಹಿಂಬಡ್ತಿ ಆಯ್ತು. ಸರ್ಕಾರ ಹೊಸ ಕಾಯ್ದೆ ತಂದ ಮೇಲೆ, 2019ರ ಮೇ 10ರಂದು ಅದೇ ಕೋರ್ಟ್ ಅದನ್ನು ಎತ್ತಿಹಿಡೀತು. ಆ ಹೋರಾಟ ಯಾತಕ್ಕೆ ಅಂತ ನನಗೆ ಪೂರ್ತಿ ಅರ್ಥ ಆಗಿದ್ದು ಆ ಪುಟ್ಟ ಗುಂಡಿ ಹತ್ರ. ಇಳಿಯೋ ಕೆಲಸಕ್ಕೆ ನಮ್ಮನ್ನು ಯಾರೂ ಯಾವತ್ತೂ ತಡೆದಿಲ್ಲ. ಮೇಲೆ ನಿಂತು "ಯಾರೂ ಇಳೀಬೇಡಿ" ಅಂತ ಆರ್ಡರ್ ಕೊಡೋ ಜಾಗಕ್ಕೆ ಮಾತ್ರ ಕೋರ್ಟು ಹತ್ತಬೇಕಾಯ್ತು.

ತಮ್ಮ ಬೀಜ ಎತ್ತಿ, ಮಣ್ಣು ಒರೆಸಿ, ಗುಂಡಿ ಅಂಚಲ್ಲಿಟ್ಟ.

"ಮೊದಲಿಂದ ಕೇಳಣ್ಣ."

ಜೈ ಭೀಮ್.