ಎರಡು ತಾಯಂದಿರ ನಡುವಣ ಜೇಡ

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿಕೊಂಡಿರುವ ಪೊರೆಗಳು ಮೂರು. ಹೊರಗಿನದಕ್ಕೆ ಲ್ಯಾಟಿನ್ನಿನಲ್ಲಿ ‘ಡ್ಯೂರಾ ಮೇಟರ್’ ಎಂದು ಹೆಸರು. ಗಟ್ಟಿ ತಾಯಿ ಎಂದರ್ಥ. ಒಳಗಿನದು ‘ಪಯಾ ಮೇಟರ್’, ಮೃದುವಾದ ತಾಯಿ. ಅರಬ್ಬೀ ವೈದ್ಯರು ಪೊರೆಯನ್ನು ತಾಯಿಯೆಂದು ಕರೆದದ್ದು ಹನ್ನೆರಡನೆಯ ಶತಮಾನದಲ್ಲಿ ಹಾಗೆಯೇ ಲ್ಯಾಟಿನ್ನಿಗೆ ಇಳಿಯಿತು. ಗದರಿ ಕಾಯುವವಳೊಬ್ಬಳು, ಅಪ್ಪಿಕೊಂಡು ಕಾಯುವವಳೊಬ್ಬಳು! ಹೆಸರಿಟ್ಟವರಿಗೆ ಸಂಸಾರದ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ಇವರಿಬ್ಬರ ನಡುವಿನ ಪೊರೆಗೆ ಮಾತ್ರ ಜೇಡನ ಹೆಸರು: ‘ಅರಾಕ್ನಾಯ್ಡ್’. ಜೇಡರ ಬಲೆಯಂತೆ ನವುರಾದ ಅದರ ಎಳೆಗಳ ನಡುವೆ ತಿಳಿನೀರಿನಂಥ ದ್ರವವೊಂದು ಹರಿದಾಡುತ್ತದೆ. ವಯಸ್ಕರಲ್ಲಿ ಅದರ ಒಟ್ಟು ಮೊತ್ತ ಸುಮಾರು 150 ಮಿಲಿಲೀಟರ್. ಒಂದು ಲೋಟದಷ್ಟೂ ಇಲ್ಲ. ಮಿದುಳು ತೇಲುವುದು ಇದರಲ್ಲಿಯೇ.

ಈ ಬಲೆಯಲ್ಲಿ ಕೆಲವರಿಗೆ ದ್ರವ ತುಂಬಿದ ಚೀಲವೊಂದು ಇರುತ್ತದೆ. ಬಹುಮಟ್ಟಿಗೆ ಅದು ಹುಟ್ಟಿನಿಂದ ಬಂದದ್ದು. ಬೇರೆ ಯಾವುದೋ ಕಾರಣಕ್ಕೆ ತಲೆಯ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬಿದ್ದು ಮನೆಮಂದಿಯನ್ನೆಲ್ಲ ಹೆದರಿಸುತ್ತದೆ. ಪಕ್ಕದ ಭಾಗವನ್ನು ಒತ್ತದಿದ್ದರೆ ಅದರಿಂದ ಉಪದ್ರವವಿಲ್ಲ.

ಉರಿಯೂತದ ಮಾತು ಬೇರೆ. ಕ್ಷಯದ ಸೋಂಕಿನಿಂದಲೋ, ಬೆನ್ನಿನ ಶಸ್ತ್ರಚಿಕಿತ್ಸೆಯಿಂದಲೋ, ಒಳಹೊಕ್ಕ ರಾಸಾಯನಿಕದಿಂದಲೋ ಬಲೆ ಕೆರಳಿದರೆ ಎಳೆಗಳು ದಪ್ಪಗಟ್ಟುತ್ತವೆ. ಬಿಡಿಬಿಡಿಯಾಗಿ ತೇಲಬೇಕಾದ ನರಗಳು ಗಂಜಿ ಹಾಕಿದ ನೂಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಲುಗಳಲ್ಲಿ ಬೆಂಕಿಯಂಥ ಉರಿ, ಜೋಮು, ಕೆಲವೊಮ್ಮೆ ಸ್ವಾಧೀನವೇ ತಪ್ಪುವುದು. ಅಂಟಿದ್ದನ್ನು ಬಿಡಿಸಲು ಹೋದರೆ ಹೊಸ ಗಾಯವಾಗಿ ಮತ್ತೆ ಅಂಟುತ್ತದೆ. ದುಃಖದ ಸಂಗತಿಯೆಂದರೆ, ಅನೇಕ ವೇಳೆ ಇದಕ್ಕೆ ಬಾಗಿಲು ತೆರೆದದ್ದು ವಾಸಿಮಾಡಲು ಬಂದ ಸೂಜಿಯೇ.

ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಊರಿನ ಆಸ್ಪತ್ರೆ. 1947ರ ಅಕ್ಟೋಬರ್ 13. ವುಲ್ಲಿ, ರೋ ಎಂಬ ಮಧ್ಯವಯಸ್ಸಿನ ಇಬ್ಬರು ಗಂಡಸರಿಗೆ ಅದೊಂದೇ ದಿನ ಸಣ್ಣಪುಟ್ಟ ಶಸ್ತ್ರಚಿಕಿತ್ಸೆ. ಒಬ್ಬನಿಗೆ ಮೊಣಕಾಲಿನದು. ಇಬ್ಬರಿಗೂ ಬೆನ್ನಿನಲ್ಲಿ ಅರಿವಳಿಕೆಯ ಚುಚ್ಚುಮದ್ದು. ನಡೆದು ಬಂದವರು ಮತ್ತೆಂದೂ ನಡೆಯಲಿಲ್ಲ; ಸೊಂಟದ ಕೆಳಗಿನ ಸ್ವಾಧೀನವನ್ನೇ ಕಳೆದುಕೊಂಡರು.

ಔಷಧದ ಗಾಜಿನ ಆಂಪೂಲುಗಳನ್ನು ಕ್ರಿಮಿನಾಶಕ್ಕೆಂದು ಫಿನಾಲ್ ದ್ರಾವಣದಲ್ಲಿ ಮುಳುಗಿಸಿಡುತ್ತಿದ್ದರು. ಕಣ್ಣಿಗೆ ಕಾಣದ ಬಿರುಕುಗಳಿಂದ ಫಿನಾಲ್ ಒಳಗೆ ಇಳಿದಿರಬೇಕೆಂದು ನ್ಯಾಯಾಲಯ ನಂಬಿತು. ಅಂಥ ಬಿರುಕಿನ ಅಪಾಯ 1947ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅನಂತರದ ತಿಳಿವಳಿಕೆಯಿಂದ ಹಿಂದಿನ ಕೈಯನ್ನು ಅಳೆಯಲಾಗದು ಎಂಬುದು 1954ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಡೆನ್ನಿಂಗರ ಅಭಿಪ್ರಾಯ. ದಾವೆ ಬಿದ್ದುಹೋಯಿತು. ಕಾನೂನಿನ ಮಟ್ಟಿಗೆ ತೀರ್ಪು ಸರಿಯೇ ಇರಬಹುದು. ಆದರೆ ತಪ್ಪು ಯಾರದೂ ಅಲ್ಲವೆಂದ ಮೇಲೆ ನಷ್ಟವೆಲ್ಲ ಮಂಚದ ಮೇಲೆ ಮಲಗಿದ್ದವರ ಪಾಲಿಗೇ ಉಳಿಯಿತು. ವೈದ್ಯರಿಗೂ ಭಯ ಹತ್ತಿತು: ಬ್ರಿಟನ್ನಿನಲ್ಲಿ ಬೆನ್ನಿನ ಅರಿವಳಿಕೆಯ ಬಳಕೆ ಬಹಳ ವರ್ಷ ಹಿಂದೆ ಬಿತ್ತು. ಈಗ ಅದು ಮರಳಿ ಬಂದಿದೆ. ಶಸ್ತ್ರಚಿಕಿತ್ಸೆಯ ಹೆರಿಗೆಯಲ್ಲಿ ಎಷ್ಟೋ ತಾಯಂದಿರು ಆ ಚುಚ್ಚುಮದ್ದು ಪಡೆದು, ಮರುದಿನ ಎದ್ದು ಓಡಾಡುತ್ತಾರೆ.

ಬಿರುಕಿನ ಕಥೆಯೂ ಕೊನೆಯ ಮಾತಾಗಲಿಲ್ಲ. 1990ರಲ್ಲಿ ಮತ್ತೊಂದು ವಾದ ಹೊರಬಿತ್ತು. ಸಿರಿಂಜು ಸೂಜಿಗಳನ್ನು ಕುದಿಸುತ್ತಿದ್ದ ಪಾತ್ರೆಯ ಕಿಟ್ಟವನ್ನು ಆಮ್ಲ ಹಾಕಿ ತೆಗೆದು, ಆಮ್ಲವನ್ನು ಪೂರ್ತಿ ಚೆಲ್ಲಲು ಯಾರೋ ಮರೆತಿದ್ದಿರಬೇಕಂತೆ.