ಲಾಗಿನ್ ಆಗದ ಹೆಸರಿನ ಬೆನ್ನುಹತ್ತಿ

ಡೈರೆಕ್ಟರಿ ಆಧಾರಿತ ಲಾಗಿನ್‌ನಲ್ಲಿ ವೆಬ್ ಅಪ್ಲಿಕೇಶನ್ ಪಾಸ್‌ವರ್ಡ್‌ಗಳನ್ನು ತಾನು ಇಟ್ಟುಕೊಳ್ಳುವುದಿಲ್ಲ. ಬಂದವರು ಯಾರೆಂದು ಸಂಸ್ಥೆಯ ಡೈರೆಕ್ಟರಿಯನ್ನೇ ಕೇಳುತ್ತದೆ. ಕೇಳುವ ಆ ರೀತಿಗೆ ಎಲ್‌ಡ್ಯಾಪ್ ಎಂದು ಹೆಸರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಇದರ ಮೊದಲ ನಿರೂಪಣೆ 1993ರಲ್ಲಿ, ಈಗ ಚಾಲ್ತಿಯಲ್ಲಿರುವ ಮೂರನೆಯ ಆವೃತ್ತಿ 1997ರಲ್ಲಿ ಬಂತು. ಇದು ಕೈಕೊಟ್ಟಾಗ ಸರಿಪಡಿಸುವಷ್ಟು ರುಚಿಯಾದ ಕೆಲಸ ಕಂಪ್ಯೂಟರ್ ಕಸುಬಿನಲ್ಲಿ ಅಪರೂಪ. ಪರದೆಯ ಮೇಲೆ ‘ಹೆಸರು ಅಥವಾ ಪಾಸ್‌ವರ್ಡ್ ತಪ್ಪು’ ಎಂಬ ಒಂದೇ ಸಾಲು. ಅದರ ಹಿಂದೆ ಹತ್ತು ಕಾರಣ.

ವಿಜಯಪುರದಲ್ಲಿ ಪ್ರಧಾನ ಕಚೇರಿ, ತಿಕೋಟಾ ಮತ್ತು ಬಬಲೇಶ್ವರದಲ್ಲಿ ಶಾಖೆಗಳಿರುವ ಪತ್ತಿನ ಸಹಕಾರಿ ಸಂಘವೊಂದನ್ನು ಊಹಿಸಿಕೊಳ್ಳಬಹುದು. ಮೊದಲ ಪ್ರಶ್ನೆ, ಯಾರಿಗೆ ಆಗುತ್ತಿಲ್ಲ? ಯಾರಿಗೂ ಆಗದಿದ್ದರೆ 389 ಅಥವಾ 636ನೇ ಪೋರ್ಟ್, ಅವಧಿ ಮುಗಿದ ಸರ್ಟಿಫಿಕೇಟ್, ಇಲ್ಲವೇ ಡೈರೆಕ್ಟರಿಯಲ್ಲಿ ಹೆಸರು ಹುಡುಕಲೆಂದು ಅಪ್ಲಿಕೇಶನ್‌ಗೆ ಕೊಟ್ಟ ಸೇವಾ ಖಾತೆಯ ಪಾಸ್‌ವರ್ಡ್ ನೋಡಬೇಕು. ತಿಕೋಟಾದವರಿಗಷ್ಟೇ ಆಗದಿದ್ದರೆ ಅಲ್ಲಿನ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸುವಂತಿಲ್ಲ. ಲಾಗಿನ್ ಪುಟವಂತೂ ತೆರೆದಿದೆ; ಡೈರೆಕ್ಟರಿಯೊಡನೆ ಮಾತಾಡುವುದು ಶಾಖೆಯ ಕಂಪ್ಯೂಟರ್ ಅಲ್ಲ, ಅಪ್ಲಿಕೇಶನ್ ಇರುವ ಸರ್ವರ್. ಅನುಮಾನ ಹೋಗಬೇಕಾದದ್ದು ಹುಡುಕುವ ಜಾಗದ ಕಡೆಗೆ.

ಡೈರೆಕ್ಟರಿಯಲ್ಲಿ ಪ್ರತಿಯೊಬ್ಬರ ಪೂರ್ಣನಾಮ ಅಂಚೆಯ ವಿಳಾಸದಂತೆ ಕಿರಿದರಿಂದ ಹಿರಿದಕ್ಕೆ ಸಾಗುತ್ತದೆ: ವ್ಯಕ್ತಿ, ಶಾಖೆ, ಜಿಲ್ಲೆ, ಸಂಸ್ಥೆ. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಮೊದಲು ಅದೇ ತಾಲ್ಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರ ಈಗ ಬೇರೆ ಬೇರೆ ತಾಲ್ಲೂಕುಗಳು. ಇಂಥ ಬದಲಾವಣೆಗೆ ತಕ್ಕಂತೆ ನೌಕರರನ್ನು ಡೈರೆಕ್ಟರಿಯಲ್ಲಿ ಹೊಸ ಹೆಸರಿನ ಕೊಂಬೆಗೆ, ಅಂದರೆ ವಿಭಾಗಕ್ಕೆ, ಸರಿಸಿದ ಮೇಲೂ ಅಪ್ಲಿಕೇಶನ್ ಹಳೆಯ ಕೊಂಬೆಯಲ್ಲೇ ಹುಡುಕುತ್ತಿದ್ದರೆ ಯಾರೂ ಸಿಗುವುದಿಲ್ಲ. ಕೊಂಬೆಯೇ ಇಲ್ಲವಾಗಿದ್ದರೆ ಬರುವ ಉತ್ತರ ದೋಷಸಂಖ್ಯೆ 32; ಕೊಂಬೆ ಇದ್ದು ವ್ಯಕ್ತಿ ಇಲ್ಲದಿದ್ದರೆ ದೋಷಸಂಖ್ಯೆಯೇ ಇಲ್ಲ, ಬರೀ ಖಾಲಿ ಪಟ್ಟಿ. ಈ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಅಪ್ಲಿಕೇಶನ್ ಬದಿಗಿಟ್ಟು, ಅದೇ ಸರ್ವರ್‌ನಿಂದ, ಅದೇ ಸೇವಾ ಖಾತೆಯಲ್ಲಿ ‘ಎಲ್‌ಡ್ಯಾಪ್‌ಸರ್ಚ್’ ಆಜ್ಞೆ ಕೊಡಬೇಕು. ಈ ಕಸುಬಿನ ಸುಖವೆಲ್ಲ ಆ ಒಂದು ಆಜ್ಞೆಯಲ್ಲಿದೆ.

ಈ ಸೀಮೆಯಲ್ಲಿ ಪಾಟೀಲರು, ಬಿರಾದಾರರು ಬಹಳ. ಅಡ್ಡಹೆಸರಿನಿಂದ ಹುಡುಕುವ ಫಿಲ್ಟರ್‌ಗೆ ಇಬ್ಬರು ಸಿಕ್ಕರೆ ಒಳ್ಳೆಯ ಅಪ್ಲಿಕೇಶನ್ ಇಬ್ಬರನ್ನೂ ಹೊರಗೇ ನಿಲ್ಲಿಸುತ್ತದೆ, ನಿಲ್ಲಿಸಲೂ ಬೇಕು. ಒಬ್ಬರಿಗೊಂದೇ ಇರುವ ಯೂಸರ್ ಐಡಿಯಿಂದ ಹುಡುಕುವಂತೆ ಫಿಲ್ಟರ್ ತಿದ್ದುವುದೇ ಇದಕ್ಕೆ ಮದ್ದು.

ವ್ಯಕ್ತಿ ಸಿಕ್ಕರೂ ಲಾಗಿನ್ ಆಗದಿದ್ದರೆ ಉತ್ತರ ಬಹುಮಟ್ಟಿಗೆ 49. ಸಂಸ್ಥೆಯ ಡೈರೆಕ್ಟರಿ ‘ಆಕ್ಟಿವ್ ಡೈರೆಕ್ಟರಿ’ ಎಂಬ ತಂತ್ರಾಂಶವಾಗಿದ್ದರೆ ಅದು ಆ ಸಂಖ್ಯೆಯ ಜೊತೆಗೆ ಒಳಕಾರಣವನ್ನೂ ಹೇಳುತ್ತದೆ: 52ಇ ಎಂದರೆ ಪಾಸ್‌ವರ್ಡ್ ತಪ್ಪು, 532 ಎಂದರೆ ಅದರ ಅವಧಿ ಮುಗಿದಿದೆ, 775 ಎಂದರೆ ಖಾತೆ ಲಾಕ್ ಆಗಿದೆ. ಪರದೆ ಇದನ್ನು ತೋರಿಸದಿದ್ದರೂ ಲಾಗ್‌ನಲ್ಲಿ ಸಿಗುತ್ತದೆ.

ಎಲ್ಲ ಸರಿಹೋದ ಮೇಲೆ ಪಾಸ್‌ವರ್ಡ್ ಖಾಲಿ ಬಿಟ್ಟು ಒಮ್ಮೆ ಪರೀಕ್ಷಿಸಲೇಬೇಕು. ಹೆಸರಿದ್ದು ಪಾಸ್‌ವರ್ಡ್ ಇಲ್ಲದ ಕೋರಿಕೆಯನ್ನು ಕೆಲವು ಡೈರೆಕ್ಟರಿಗಳು ಅನಾಮಧೇಯವೆಂದು ಬಗೆದು ‘ಯಶಸ್ವಿ’ ಎನ್ನುತ್ತವೆ. ಅದನ್ನು ನಂಬಿದ ಅಪ್ಲಿಕೇಶನ್ ಯಾರ ಹೆಸರಿನಲ್ಲಿ ಯಾರನ್ನು ಬೇಕಾದರೂ ಒಳಗೆ ಬಿಟ್ಟುಬಿಡುತ್ತದೆ. ಖಾಲಿ ಪಾಸ್‌ವರ್ಡ್ ಡೈರೆಕ್ಟರಿಯವರೆಗೆ ಹೋಗದಂತೆ ಅಪ್ಲಿಕೇಶನ್‌ನಲ್ಲೇ ತಡೆಯಬೇಕು.