ವೀಸಾ ಸಂದರ್ಶನಕ್ಕೆ ನಮ್ಮ ಮಗಳ ಸಿದ್ಧತೆ

ಅಕ್ಕತಂಗಿಯರಾದ ನಾವಿಬ್ಬರೂ ಈ ಶಾಲೆಯಲ್ಲಿಯೇ ಓದಿದವರು. ನಮ್ಮಲ್ಲಿ ಕಿರಿಯವಳ ಮಗಳೂ ಇಲ್ಲಿಯೇ ಕಲಿತವಳು. ಅವಳ ವಿವಾಹವು ಅಮೇರಿಕದ ಪೌರತ್ವವನ್ನು ಪಡೆದಿರುವ ನಮ್ಮ ಊರಿನ ತರುಣನೊಡನೆ ನೆರವೇರಿತು. ಇಪ್ಪತ್ತೆರಡು ದಿನಗಳಲ್ಲಿ ಅಳಿಯನು ಚಿಕಾಗೋ ನಗರದಲ್ಲಿನ ತನ್ನ ಕೆಲಸಕ್ಕೆ ಹಿಂದಿರುಗಬೇಕಾಯಿತು. ಅವನು ಪತ್ನಿಗಾಗಿ ಐ-130 ಎಂಬ ಅರ್ಜಿಯನ್ನು ಸಲ್ಲಿಸಿದ ಮೇಲೆ, ಮುಂಬಯಿಯ ಅಮೇರಿಕನ್ ಕಾನ್ಸುಲೇಟಿನಿಂದ ಸಂದರ್ಶನದ ಕರೆ ಬರುವಷ್ಟರಲ್ಲಿ ಮದುವೆಯಾಗಿ ಒಂದೂವರೆ ವರ್ಷವೇ ಸಂದಿತ್ತು. ಇಪ್ಪತ್ತೆರಡು ದಿನ ಜತೆಗಿದ್ದುದನ್ನು ಪರದೇಶದ ಅಧಿಕಾರಿಯು ನಿಜವಾದ ದಾಂಪತ್ಯವೆಂದು ಒಪ್ಪುವನೋ ಎಂಬ ಚಿಂತೆಯು ನಮ್ಮ ಮನೆಯವರೆಲ್ಲರ ನಿದ್ದೆಯನ್ನು ಕೆಡಿಸಿತು.

ಕಾಗದಪತ್ರಗಳ ಕೆಲಸವು ಬೇಸರದ್ದೇ ಹೊರತು ಕಠಿಣವಾದುದಲ್ಲ. ಜನನದ ದಾಖಲೆ, ವಿವಾಹದ ದಾಖಲೆ, ಪೊಲೀಸ್ ಪ್ರಮಾಣಪತ್ರ, ನೇಮಿತ ವೈದ್ಯರ ಪರೀಕ್ಷೆ, ಪತ್ನಿಯನ್ನು ಸಾಕಬಲ್ಲೆನೆಂದು ಅಳಿಯನು ಆದಾಯಸಹಿತ ಬರೆದುಕೊಡುವ ಐ-864 ಇವೆಲ್ಲವೂ ಒದಗಿದವು. ದೇವಾಲಯದ ವಿವಾಹಪುಸ್ತಕದಲ್ಲಿ ಅವಳ ತಂದೆಯ ಹೆಸರಿಗೆ ಒಂದಕ್ಷರ ಹೆಚ್ಚಾಗಿತ್ತು. ಅದನ್ನು ಸರಿಪಡಿಸಿಕೊಳ್ಳಲು ಸಭಾಪಾಲಕರಲ್ಲಿಗೆ ಮೂರು ಸಲ ನಡೆದೆವು.

ಕಷ್ಟವಿದ್ದುದು ಬೇರೆಡೆಯಲ್ಲಿ. ಪರಿಚಿತರೊಬ್ಬರು ನಾಲ್ವತ್ತು ಪ್ರಶ್ನೆಗಳಿಗೆ ಉತ್ತರಗಳನ್ನು ಬರೆದ ಪಟ್ಟಿಯೊಂದನ್ನು ಕಳುಹಿಸಿದ್ದರು. ಮಗಳು ಅದನ್ನು ಪರೀಕ್ಷೆಯ ಪಾಠದಂತೆ ಬಾಯಿಪಾಠ ಮಾಡತೊಡಗಿದಳು. ಪತಿಯು ಎಂತಹವನೆಂದು ನಾವು ಕೇಳಿದರೆ, "ಅವರು ಸದ್ಗುಣಿಗಳು, ಸರಳ ಸ್ವಭಾವದವರು" ಎಂದು ಒಪ್ಪಿಸುವಳು. ಇಂತಹ ಮಾತು ಯಾವ ಗಂಡನಿಗೆ ಸಲ್ಲದು? ಸತ್ಯವನ್ನೇ ನುಡಿಯುವವಳು ಸುಳ್ಳುಗಾತಿಯಂತೆ ಕೇಳಿಸುತ್ತಿದ್ದಳು. ಆ ಪಟ್ಟಿಯನ್ನು ಹಿರಿಯವಳು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆ ಸಂಜೆ ಮೀನು ಹೆಚ್ಚುತ್ತಾ, "ಅವನು ಬೆಳಿಗ್ಗೆ ಹೇಗೆ ಏಳುತ್ತಾನೇ?" ಎಂದು ಸುಮ್ಮನೆ ಕೇಳಿದೆವು. "ಎರಡು ಅಲಾರಂ ಇಡುತ್ತಾರೆ ದೊಡ್ಡಮ್ಮಾ, ಎರಡಕ್ಕೂ ಏಳುವುದಿಲ್ಲ. ಇಲ್ಲಿ ರಾತ್ರಿಯಾದಾಗ ನಾನೇ ಫೋನು ಮಾಡಿ ಎಬ್ಬಿಸಬೇಕು" ಎಂದು ನಕ್ಕಳು. ಅದೇ ಉತ್ತರವೆಂದು ನಮಗೆ ತೋರಿತು. ವೇದಿಕೆಯ ಮೇಲಿನ ಮುನ್ನೂರು ಚಿತ್ರಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು, ಹಿತ್ತಲಲ್ಲಿ ಇಬ್ಬರೂ ಹಲಸು ಬಿಡಿಸುತ್ತಿದ್ದ ಚಿತ್ರವನ್ನೂ ಫೋನಿನ ಕರೆಗಳ ಪಟ್ಟಿಯನ್ನೂ ಜೋಡಿಸಿದೆವು.

ಗಂಡಹೆಂಡಿರ ಒಗೆತನವನ್ನು ಅನ್ಯರು ವಿಚಾರಿಸುವುದು ನಮ್ಮ ಕಡೆಯ ಹೆಂಗಸರಿಗೆ ಹಿಡಿಸುವ ಸಂಗತಿಯಲ್ಲ. ಆದರೂ ಹುಸಿಮದುವೆಗಳು ನಡೆಯುತ್ತಿರುವ ತನಕ ಈ ವಿಚಾರಣೆಯು ಅನ್ಯಾಯವೆಂದು ನಾವು ಹೇಳಲಾರೆವು.

ಮುಂಬಯಿಯಲ್ಲಿ ಅವಳು ಬಲಗೈಯೆತ್ತಿ ಪ್ರಮಾಣ ಮಾಡಿದ ಮೇಲೆ ಕೇಳಲ್ಪಟ್ಟ ಪ್ರಶ್ನೆಗಳು ಆರೇಳು ಮಾತ್ರ. ಪರಿಚಯವಾದುದು ಹೇಗೆ, ಮದುವೆಗೆ ಬಂದವರಾರು, ದಿನವೂ ಮಾತನಾಡುವುದು ಯಾವ ಹೊತ್ತಿನಲ್ಲಿ? ಕೊನೆಯದಕ್ಕೆ ಅಲಾರಂಗಳ ಕಥೆಯೇ ಹೊರಬಂದಿತಂತೆ. ವೀಸಾ ದೊರೆಯಿತು.

ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸುವ ಹೆತ್ತವರು ಇನ್ನೊಂದನ್ನು ತಿಳಿದಿರುವುದು ಅವಶ್ಯ. 1986ರಲ್ಲಿ ಆದ ಕಾಯಿದೆಯಂತೆ, ಆ ದೇಶವನ್ನು ಪ್ರವೇಶಿಸುವ ದಿನ ಮದುವೆಯಾಗಿ 2 ವರ್ಷ ತುಂಬದಿದ್ದರೆ, ವಧುವಿಗೆ 2 ವರ್ಷದ ಷರತ್ತಿನ ವಾಸಾಧಿಕಾರ ಮಾತ್ರ ಸಿಗುವುದು. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ದಂಪತಿಗಳು ಕೂಡಿ ಐ-751 ಅರ್ಜಿಯನ್ನು ಸಲ್ಲಿಸತಕ್ಕದ್ದು. ಪತಿಯು ಹೊಡೆದು ಹಿಂಸಿಸಿದರೆ, ವಿವಾಹವು ಸದ್ಭಾವದಿಂದಲೇ ಆದುದೆಂದು ತೋರಿಸಿ, ಅವನ ಸಹಿಯಿಲ್ಲದೆ ಅವಳೊಬ್ಬಳೇ ಅರ್ಜಿ ಹಾಕಲು ಅವಕಾಶವುಂಟು. ಅಳಿಯನು ಒಳ್ಳೆಯವನೇ. ಆದರೂ ಈ ಮಾತನ್ನು ಮಗಳಿಗೆ ಅವನ ಎದುರಿನಲ್ಲಿಯೇ ಫೋನಿನಲ್ಲಿ ಓದಿ ಹೇಳಿದೆವು, ಅವನೂ ತಲೆದೂಗಿದನು. ಆ 90 ದಿನಗಳು ಮೊದಲಾಗುವ ತಾರೀಖನ್ನು ಅವಳ ದಿನಚರಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಟ್ಟಿದ್ದೇವೆ.